ಮೊದಲು ನಮ್ಮ ಊರಿನ ಪುಟ: ಜನಪ್ರಿಯ ಇತಿಹಾಸ ಪುಸ್ತಕಗಳನ್ನು ಆರಿಸಿ, ಒರೆಗೆ ಹಚ್ಚಿ ಓದುವ ಕ್ರಮ

ಸಾಮಾನ್ಯ ಓದುಗರಿಗಾಗಿ ಬರೆದ ಇತಿಹಾಸ ಪುಸ್ತಕವೊಂದು ಕೈಗೆ ಬಂದರೆ ನಾನು ಮುನ್ನುಡಿಯನ್ನು ಆಮೇಲೆ ಓದುತ್ತೇನೆ. ಮೊದಲು ಕೊನೆಯ ಪುಟಗಳಿಗೆ ಹೋಗಿ, ಪದಸೂಚಿಯಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಅಂಗಡಿ, ಅಮೃತಾಪುರ ಎಂಬ ಹೆಸರುಗಳು ಇವೆಯೇ ಎಂದು ಹುಡುಕುತ್ತೇನೆ. ಇದರಲ್ಲಿ ಊರಿನ ಅಭಿಮಾನ ಸ್ವಲ್ಪವೂ ಇಲ್ಲವೆಂದರೆ ಸುಳ್ಳಾದೀತು. ಆದರೆ ಅಭಿಮಾನಕ್ಕಿಂತ ದೊಡ್ಡದೊಂದು ಪ್ರಯೋಜನವೂ ಇದೆ. ಪುಸ್ತಕವು ಪಾಟಲಿಪುತ್ರದ ಬಗ್ಗೆಯೋ ದೆಹಲಿಯ ಬಗ್ಗೆಯೋ ಹೇಳುವುದನ್ನು ಹಾಸನದಲ್ಲಿ ಅಥವಾ ಚಿಕ್ಕಮಗಳೂರಿನಲ್ಲಿ ಕುಳಿತ ನಾವು ಪರೀಕ್ಷಿಸಲಾರೆವು, ಆದರೆ ಬೇಲೂರಿನ ಬಗ್ಗೆ ಹೇಳುವುದನ್ನು ಒಂದು ಬಸ್ ಟಿಕೆಟ್ಟಿನ ಖರ್ಚಿನಲ್ಲಿ ಪರೀಕ್ಷಿಸಬಹುದು. ನಮ್ಮ ನೆಲದ ಮೇಲಿನ ಎರಡು ಪುಟಗಳಲ್ಲಿ ಲೇಖಕರು ಎಷ್ಟು ಎಚ್ಚರ ವಹಿಸಿದ್ದಾರೆ ಎಂಬುದು ಗೊತ್ತಾದರೆ, ನಾವು ನೋಡಲಾಗದ ಊರುಗಳ ಮೇಲಿನ ಇನ್ನೂರು ಪುಟಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಅಂದಾಜು ಸಿಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡುವ ಹಾಗೆಯೇ ಇದು.

ಈ ಎರಡು ಜಿಲ್ಲೆಗಳ ಓದುಗರಿಗೆ ಅಗುಳಿನ ಬರವೇನೂ ಇಲ್ಲ. ಮುಂದಿನ ಕ್ರಮವನ್ನು ನಾನು ಹಲವು ವರ್ಷಗಳಿಂದ ಪಾಲಿಸುತ್ತಿದ್ದೇನೆ; ಓದುಗರು ತಮಗೆ ಬೇಕಾದಷ್ಟನ್ನು ತೆಗೆದುಕೊಳ್ಳಬಹುದು.

ಕೊಳ್ಳುವ ಮೊದಲು, ಅಂಗಡಿಯಲ್ಲಿ ನಿಂತಲ್ಲೇ

ಪುಸ್ತಕದಂಗಡಿಯಲ್ಲಾಗಲಿ, ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಾಗಲಿ, ಜಿಲ್ಲಾ ಕೇಂದ್ರ ಗ್ರಂಥಾಲಯದ ಕಪಾಟಿನ ಮುಂದಾಗಲಿ, ಹತ್ತು ನಿಮಿಷ ನಿಂತು ಮೊದಲು ಮುದ್ರಣದ ವಿವರಗಳಿರುವ ಪುಟವನ್ನು ನೋಡಬೇಕು. ಅಲ್ಲಿ ಮೊದಲ ಮುದ್ರಣದ ವರ್ಷ ಒಂದಿರುತ್ತದೆ, ಕೈಯಲ್ಲಿರುವ ಪ್ರತಿಯ ವರ್ಷ ಇನ್ನೊಂದಿರುತ್ತದೆ. ‘ಮರುಮುದ್ರಣ’ ಎಂದಿದ್ದರೆ ಒಳಗಿನ ಮಾತು ಹಳೆಯದೇ. ‘ಪರಿಷ್ಕೃತ ಮುದ್ರಣ’ ಎಂದಿದ್ದರೆ ಮಾತ್ರ ಲೇಖಕರು ಮತ್ತೆ ಕೈಯಾಡಿಸಿದ್ದಾರೆಂದು ಭಾವಿಸಬಹುದು. ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು 1936ರಲ್ಲಿ. ಅದಕ್ಕಿಂತ ಮೊದಲು ಬರೆದ ಪುಸ್ತಕ ಎಷ್ಟೇ ಹೊಸ ರಕ್ಷಾಪುಟ ತೊಟ್ಟು ಬಂದರೂ ಅದರಲ್ಲಿ ಹಲ್ಮಿಡಿ ಇರಲಾರದು. ಅದು ಲೇಖಕರ ತಪ್ಪಲ್ಲ, ಆದರೆ ಓದುಗರಿಗೆ ಗೊತ್ತಿರಬೇಕಾದ ಸಂಗತಿ.

ಹಲ್ಮಿಡಿಯನ್ನೇ ಇನ್ನೊಂದು ಪರೀಕ್ಷೆಗೂ ಬಳಸಬಹುದು. ಆ ಕಲ್ಲಿನ ಮೇಲೆ ವರ್ಷವನ್ನು ಬರೆದಿಲ್ಲ. ಅಕ್ಷರಗಳ ರೂಪ, ಭಾಷೆ ಮತ್ತು ಅಲ್ಲಿ ಹೆಸರಿಸಿದ ಅರಸನನ್ನು ಆಧರಿಸಿ ವಿದ್ವಾಂಸರು ಅದನ್ನು ಸುಮಾರು 450ಕ್ಕೆ ಸೇರಿಸಿದ್ದಾರೆ, ಈ ಕಾಲನಿರ್ಣಯವನ್ನು ಒಪ್ಪದವರೂ ಇದ್ದಾರೆ. ‘ಸುಮಾರು 450’ ಎಂದು ಬರೆದ ಲೇಖಕರಿಗೂ ‘450ರಲ್ಲಿ ಕೆತ್ತಿಸಲಾಯಿತು’ ಎಂದು ಬರೆದ ಲೇಖಕರಿಗೂ ನಡುವೆ ಇರುವುದು ಒಂದೇ ಪದದ ಅಂತರ. ಆ ಒಂದು ಪದವನ್ನು ಬಿಟ್ಟವರು ಬೇರೆ ಕಡೆ ಏನೇನು ಬಿಟ್ಟಿರಬಹುದು ಎಂದು ನಾನು ಯೋಚಿಸತೊಡಗುತ್ತೇನೆ.

ಆಮೇಲೆ ಅಡಿಟಿಪ್ಪಣಿಗಳು. ಜನಪ್ರಿಯ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಅಡಿಟಿಪ್ಪಣಿ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅವು ಓದಿನ ಓಟವನ್ನು ತಡೆಯುತ್ತವೆ ಎಂದು ಪ್ರಕಾಶಕರೇ ಬೇಡವೆನ್ನುವುದುಂಟು. ಆದರೆ ಟಿಪ್ಪಣಿ ಇಲ್ಲದ ಕಡೆ ವಾಕ್ಯದೊಳಗಾದರೂ ‘ಈ ಮಾತು ಇಂಥ ಊರಿನ ಶಾಸನದಲ್ಲಿದೆ’, ‘ಇದು ನಂತರದ ಕಾವ್ಯವೊಂದರ ಕಥೆ’, ‘ಊರಿನವರು ಹೀಗೆ ಹೇಳುತ್ತಾರೆ’ ಎಂಬ ಸೂಚನೆ ಬರಬೇಕು. ಮೂರು ಪುಟ ತಿರುವಿದರೂ ಇಂಥ ಒಂದು ಸೂಚನೆಯೂ ಕಾಣದಿದ್ದರೆ ನಾನು ಪುಸ್ತಕವನ್ನು ಇದ್ದಲ್ಲೇ ಇಡುತ್ತೇನೆ. ರಕ್ಷಾಪುಟದ ಮೇಲೆ ‘ಯಾರೂ ಹೇಳದ ಸತ್ಯ’ ಎಂದೋ ‘ಇತಿಹಾಸಕಾರರು ಮುಚ್ಚಿಟ್ಟದ್ದು’ ಎಂದೋ ಅಚ್ಚಾಗಿದ್ದರೆ ಮೂರು ಪುಟಗಳಷ್ಟು ತಾಳ್ಮೆಯೂ ನನಗಿರುವುದಿಲ್ಲ. ಹಾಗೆಂದು ಒಣಗಿದ ಗದ್ಯವೇ ಸತ್ಯದ ಗುರುತೆಂದೂ ತಿಳಿಯಬಾರದು; ಬೇಸರ ಹುಟ್ಟಿಸುತ್ತಲೇ ತಪ್ಪು ಹೇಳುವ ಪುಸ್ತಕಗಳನ್ನೂ ನಾನು ಹಣ ಕೊಟ್ಟು ತಂದಿದ್ದೇನೆ.

ಪದಸೂಚಿಯಲ್ಲಿ ಹುಡುಕುವಾಗ ಹಳೆಯ ಹೆಸರುಗಳು ನೆನಪಿರಲಿ. ಹಳೇಬೀಡು ಸಿಗದಿದ್ದರೆ ದೋರಸಮುದ್ರ ಅಥವಾ ದ್ವಾರಸಮುದ್ರ, ಬೇಲೂರು ಸಿಗದಿದ್ದರೆ ವೇಲಾಪುರಿ, ಮೂಡಿಗೆರೆ ತಾಲ್ಲೂಕಿನ ಅಂಗಡಿ ಸಿಗದಿದ್ದರೆ ಸೊಸೆವೂರು ಎಂದು ನೋಡಬೇಕು. ಚಿಕ್ಕಮಗಳೂರು ಜಿಲ್ಲೆ ಹಿಂದೆ ಕಡೂರು ಜಿಲ್ಲೆಯಾಗಿತ್ತು, ಸಕಲೇಶಪುರದ ಸೀಮೆ ಮಂಜರಾಬಾದ್ ತಾಲ್ಲೂಕಾಗಿತ್ತು.

ನಮ್ಮ ಊರಿನ ಪುಟ

ಚಿಕ್ಕಮಗಳೂರಿನ ಹೆಸರನ್ನೇ ತೆಗೆದುಕೊಳ್ಳೋಣ. ಸಖರಾಯಪಟ್ಟಣವನ್ನು ಆಳುತ್ತಿದ್ದ ರುಕ್ಮಾಂಗದನೆಂಬ ಅರಸನು ಈ ಊರನ್ನು ತನ್ನ ಚಿಕ್ಕ ಮಗಳಿಗೆ ಬಳುವಳಿಯಾಗಿ ಕೊಟ್ಟನೆಂದೂ, ಪಕ್ಕದ ಹಿರೇಮಗಳೂರು ಹಿರಿಯ ಮಗಳ ಪಾಲಿಗೆ ಬಂದಿತೆಂದೂ ಹೇಳುವ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಥೆ ಸೊಗಸಾಗಿದೆ, ಹೆಸರಿಗೆ ಸರಿಯಾಗಿ ಹೊಂದುತ್ತದೆ, ಹೀಗಾಗಿ ಅನೇಕ ಪುಸ್ತಕಗಳು ಅದನ್ನು ಯಾವ ಮಾತೂ ಸೇರಿಸದೆ ಇತಿಹಾಸವೆಂಬಂತೆ ಅಚ್ಚು ಮಾಡುತ್ತವೆ. ಆದರೆ ಶಾಸನಗಳಲ್ಲಿ ಈ ಎರಡು ಊರುಗಳ ಹೆಸರು ಕಿರಿಯ ಮುಗುಳಿ ಮತ್ತು ಪಿರಿಯ ಮುಗುಳಿ ಎಂದು ಸಿಗುತ್ತದೆ. ಪಿರಿಯ ಎಂಬುದು ಹಳಗನ್ನಡ. ಪಕಾರವು ಹಕಾರವಾಗಿ ‘ಹಿರಿಯ’ ಆಯಿತು. ಅಂದರೆ ದೊಡ್ಡ ಮುಗುಳಿ, ಸಣ್ಣ ಮುಗುಳಿ ಎಂಬ ಎರಡು ಊರುಗಳಿದ್ದವು. ದೊಡ್ಡಹಳ್ಳಿ, ಚಿಕ್ಕಹಳ್ಳಿ ಎಂದು ಈಗಲೂ ನಮ್ಮಲ್ಲಿ ಜೋಡಿ ಊರುಗಳಿರುವ ಹಾಗೆ. ಮುಗುಳಿ ಎಂಬುದು ಜನರ ಬಾಯಲ್ಲಿ ಮಗಳೂರಾದ ಮೇಲೆ ಮಗಳೊಬ್ಬಳು ಬೇಕಾದಳು, ಮಗಳು ಬಂದ ಮೇಲೆ ಅಪ್ಪನೂ ಬಳುವಳಿಯೂ ಬಂದವು ಎಂದು ನಾನು ಊಹಿಸುತ್ತೇನೆ.

ಇಲ್ಲಿ ಪುಸ್ತಕವನ್ನು ಅಳೆಯುವುದು ಹೇಗೆಂದರೆ, ಬರೀ ಕಥೆಯನ್ನು ಹೇಳಿದ ಪುಸ್ತಕಕ್ಕೆ ಕಡಿಮೆ ಅಂಕ, ಕಥೆಯನ್ನು ಗೇಲಿ ಮಾಡಿ ಶಾಸನವನ್ನಷ್ಟೇ ಹೇಳಿದ ಪುಸ್ತಕಕ್ಕೆ ಸ್ವಲ್ಪ ಹೆಚ್ಚು, ಎರಡನ್ನೂ ಹೇಳಿ ಯಾವುದು ಯಾವ ಕಾಲದ ಮಾತು ಎಂದು ಬಿಡಿಸಿ ತೋರಿಸಿದ ಪುಸ್ತಕಕ್ಕೆ ಪೂರ್ಣ ಅಂಕ. ಜನರು ತಮ್ಮ ಊರನ್ನು ಹೇಗೆ ನೆನೆದರು ಎಂಬುದೂ ಇತಿಹಾಸದ ಭಾಗವೇ ಆದ್ದರಿಂದ ಕಥೆಯನ್ನು ಎಸೆದುಬಿಡುವುದು ನನಗೆ ಸರಿಯೆನಿಸುವುದಿಲ್ಲ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದರೆಂಬ ಮಾತಿಗೂ ಇದೇ ಅಳತೆಗೋಲು ಅನ್ವಯಿಸುತ್ತದೆ: ಅದು ಪರಂಪರೆಯ ಮಾತೆಂದು ಹೇಳಿ ಮುಂದೆ ಹೋದ ಲೇಖಕರನ್ನು ನಂಬಬಹುದು.

ಪೆನ್ಸಿಲ್ ಹಿಡಿದು ಓದುವುದು

ಪುಸ್ತಕ ಸ್ವಂತದ್ದಾದರೆ ಮೃದುವಾದ ಪೆನ್ಸಿಲ್ಲಿನಿಂದ ಅಂಚಿನಲ್ಲಿ ಮೂರು ಬಗೆಯ ಗುರುತುಗಳನ್ನು ಹಾಕುತ್ತ ಓದಬೇಕು. ಗ್ರಂಥಾಲಯದ್ದಾದರೆ ಗುರುತುಗಳು ನೋಟುಪುಸ್ತಕಕ್ಕೆ ಹೋಗಲಿ. ಶಾಸನ, ನಾಣ್ಯ, ಕಟ್ಟಡ ಮುಂತಾಗಿ ಆ ಕಾಲದ್ದೇ ಆದ ವಸ್ತುವಿನಿಂದ ಬಂದ ಮಾತಿಗೆ ನಾನು ‘ಕ’ ಎಂದು ಬರೆಯುತ್ತೇನೆ, ಕಲ್ಲು ಎಂಬ ಅರ್ಥದಲ್ಲಿ. ನಂತರದ ಕಾವ್ಯ, ಪುರಾಣ, ಗುರುಪರಂಪರೆಯ ಗ್ರಂಥಗಳಿಂದ ಬಂದದ್ದಕ್ಕೆ ‘ಓ’, ಅಂದರೆ ಓಲೆ. ಜನರ ಬಾಯಿಂದ ಬಂದದ್ದಕ್ಕೆ ‘ಬಾ’. ಲೇಖಕರು ಯಾವುದನ್ನೂ ಸೂಚಿಸದಿದ್ದರೆ ಒಂದು ಪ್ರಶ್ನೆಯ ಚಿಹ್ನೆ. ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ಅಂಚು ತಾನೇ ಮಾತನಾಡತೊಡಗುತ್ತದೆ.

ಈ ಅಭ್ಯಾಸ ನನಗೆ ಬಂದದ್ದು ಒಂದು ಮುಖಭಂಗದಿಂದ. ಬೇರೆ ಊರಿನಿಂದ ಬಂದ ನೆಂಟರನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದಾಗ, ಓದಿದ್ದ ಪುಸ್ತಕವೊಂದರ ಬಲದ ಮೇಲೆ, ಹೊಯ್ಸಳೇಶ್ವರ ದೇವಾಲಯವನ್ನು ವಿಷ್ಣುವರ್ಧನ ಮಹಾರಾಜನೇ ಕಟ್ಟಿಸಿದನೆಂದೂ ಕೆತ್ತಿದವನು ಜಕಣಾಚಾರಿಯೆಂದೂ ನಾನು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ನೆಂಟರ ಮಗಳು, ಹೈಸ್ಕೂಲಿನ ಹುಡುಗಿ, “ಮಾವ, ಅದು ಎಲ್ಲಿ ಬರೆದಿದೆ?” ಎಂದು ಕೇಳಿದಳು. ಪುಸ್ತಕದಲ್ಲಿ ಬರೆದಿದೆ ಎಂದೆ. “ಪುಸ್ತಕದವರಿಗೆ ಎಲ್ಲಿ ಸಿಕ್ಕಿತು?” ಎಂದಳು. ಉತ್ತರವಿರಲಿಲ್ಲ. ಮನೆಗೆ ಬಂದು ಹುಡುಕಿದ ಮೇಲೆ ಗೊತ್ತಾಯಿತು: ಹಳೇಬೀಡಿನ ಸಮೀಪದ ಘಟ್ಟದಹಳ್ಳಿಯಲ್ಲಿ ಸಿಕ್ಕ ಶಕ 1043ರ, ಅಂದರೆ 1121ರ ಶಾಸನದ ಪ್ರಕಾರ ಆ ದೇವಾಲಯದ ನಿರ್ಮಾಣದ ಹಿಂದೆ ಇದ್ದವನು ಕೇತಮಲ್ಲನೆಂಬ ಅಧಿಕಾರಿ. ಅರಸನ ಕಾಲದಲ್ಲಿ, ಅರಸನ ಹೆಸರಿನಲ್ಲಿ, ಅವನ ಅಧಿಕಾರಿ ಕಟ್ಟಿಸಿದ ಗುಡಿ ಅದು.

ಜಕಣಾಚಾರಿಯ ವಿಷಯ ಇನ್ನೂ ಸ್ವಾರಸ್ಯದ್ದು. ಬೇಲೂರಿನ ವಿಗ್ರಹದ ಹೊಟ್ಟೆಯ ಭಾಗದಲ್ಲಿ ದೋಷವಿದೆಯೆಂದು ಹುಡುಗನೊಬ್ಬ ಹೇಳಿದ್ದು, ಪರೀಕ್ಷಿಸಲು ಗಂಧ ಬಳಿದಾಗ ಆ ಒಂದು ಜಾಗ ಮಾತ್ರ ಒಣಗದೆ ಉಳಿದದ್ದು, ಕಲ್ಲನ್ನು ಒಡೆದಾಗ ಒಳಗಿನಿಂದ ಕಪ್ಪೆ ಜಿಗಿದದ್ದು, ಆ ಹುಡುಗನೇ ತನ್ನ ಮಗ ಡಂಕಣನೆಂದು ಶಿಲ್ಪಿಗೆ ತಿಳಿದದ್ದು, ಕೊನೆಗೆ ಕೈದಾಳದಲ್ಲಿ ಕಳೆದ ಕೈ ಮರಳಿ ಬಂದದ್ದು, ಎಲ್ಲವೂ ‘ಬಾ’ ಗುರುತಿನ ಮಾತುಗಳು. ‘ಕ’ ಗುರುತಿನದೂ ಬೇಲೂರಿನಲ್ಲೇ ಇದೆ. ಅಲ್ಲಿ ಕೆತ್ತಿದವರು ತಮ್ಮ ಹೆಸರನ್ನು ತಾವೇ ಕೆತ್ತಿಟ್ಟಿದ್ದಾರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮತ್ತು ಇನ್ನೂ ಹಲವರು. ಎದುರಾಳಿ ರೂವಾರಿಗಳಿಗೆ, ಅಂದರೆ ಶಿಲ್ಪಿಗಳಿಗೆ, ಸವಾಲು ಹಾಕುವಂಥ ಬಿರುದುಗಳನ್ನೂ ಕೆಲವರು ಹೆಸರಿನ ಜೊತೆ ಸೇರಿಸಿಕೊಂಡಿದ್ದಾರೆ. ಈ ರುಜುಗಳ ನಡುವೆ ಜಕಣನ ಹೆಸರಿಲ್ಲ. ಕಥೆಯ ಜಕಣನಿಗೆ ನಾಲ್ಕು ಪುಟ ಕೊಟ್ಟು, ಉಳಿಯಿಂದ ತನ್ನ ಹೆಸರು ಬರೆದ ದಾಸೋಜನಿಗೆ ಒಂದು ಸಾಲನ್ನೂ ಕೊಡದ ಪುಸ್ತಕಗಳ ಮೇಲೆ ನನಗೆ ಕೋಪ ಬರುವುದು ಈ ಕಾರಣಕ್ಕೆ.

ಒಳ್ಳೆಯ ಪುಸ್ತಕವು ರುಜುಗಳ ಬಗ್ಗೆಯೂ ಪ್ರಶ್ನೆ ಕೇಳುತ್ತದೆ. ಶಿಲ್ಪಿ ಮಲ್ಲಿತಮ್ಮನ ಹೆಸರು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿದೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿದೆ, ಸೋಮನಾಥಪುರದಲ್ಲೂ ಇದೆ. ಅಮೃತಾಪುರದ ಗುಡಿ 1196ರದು, ನುಗ್ಗೇಹಳ್ಳಿಯದು 1246ರದು, ಸೋಮನಾಥಪುರದ್ದು ಇನ್ನೂ ಹತ್ತು ವರ್ಷಕ್ಕಿಂತ ಈಚಿನದು. ಅರವತ್ತು ವರ್ಷಗಳಿಗೂ ಮೀರಿದ ಈ ದುಡಿಮೆ ಒಬ್ಬನದೇ, ಅಥವಾ ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗನದೂ ಸೇರಿದೆಯೇ? ಈ ಪ್ರಶ್ನೆಯನ್ನು ಎತ್ತಿದ ಪುಸ್ತಕ ಸಿಕ್ಕರೆ ಹಣ ನೋಡದೆ ಕೊಳ್ಳಬಹುದು.

ವರ್ಷಗಳ ಲೆಕ್ಕ

ಬಹಳ ಓದುಗರು ವರ್ಷ ಬಂದ ಕಡೆ ಕಣ್ಣು ಹಾರಿಸಿ ಮುಂದೆ ಹೋಗುತ್ತಾರೆ. ನಮ್ಮ ಮನೆಗಳಲ್ಲಿ ಪಂಚಾಂಗ ಇರುವವರೆಗೆ ಹಾಗೆ ಮಾಡಬೇಕಾಗಿಲ್ಲ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆ. ಬೇಲೂರಿನ ವಿಜಯನಾರಾಯಣನ, ಅಂದರೆ ಚೆನ್ನಕೇಶವನ, ಪ್ರತಿಷ್ಠೆಯಾದದ್ದು ಶಕ 1039ನೆಯ ಹೇವಿಳಂಬಿ ಸಂವತ್ಸರದ ಚೈತ್ರ ಶುದ್ಧ ಪಂಚಮಿಯಂದು. 1039ಕ್ಕೆ 78 ಕೂಡಿಸಿದರೆ 1117. ಇನ್ನು ಸಂವತ್ಸರದಿಂದಲೂ ತಾಳೆ ನೋಡಬಹುದು. ಸಂವತ್ಸರಗಳು ಅರವತ್ತು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. 2017ರ ಯುಗಾದಿಯಂದು ನಾವು ಬರಮಾಡಿಕೊಂಡದ್ದು ಹೇವಿಳಂಬಿಯನ್ನು. ಹದಿನೈದು ಸುತ್ತು ಹಿಂದಕ್ಕೆ ಹೋದರೆ, ಅಂದರೆ 2017ರಿಂದ 900 ಕಳೆದರೆ, ಉಳಿಯುವುದು 1117. ಎರಡು ಬೇರೆ ಬೇರೆ ದಾರಿಗಳಿಂದ ಹೊರಟು ಒಂದೇ ವರ್ಷಕ್ಕೆ ಬಂದು ನಿಂತಾಗ ಆಗುವ ಸಂತೋಷವನ್ನು ಓದುಗರು ತಾವೇ ಒಮ್ಮೆ ಅನುಭವಿಸಬೇಕು.

ಇದರಲ್ಲಿ ಎರಡು ತೊಡಕುಗಳಿವೆ. ಶಕವರ್ಷ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ, ಪುಷ್ಯದ ಕೊನೆ, ಮಾಘ, ಫಾಲ್ಗುಣಗಳ ತಿಥಿಯಾದರೆ ಸಾಮಾನ್ಯವಾಗಿ 79 ಕೂಡಿಸಬೇಕಾಗುತ್ತದೆ. ಮತ್ತೊಂದೆಂದರೆ, ಶಾಸನ ಬರೆಯಿಸಿದವರು ಕೆಲವೊಮ್ಮೆ ಕಳೆದ ವರ್ಷಗಳ ಎಣಿಕೆಯನ್ನೂ ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನೂ ಕೊಡುತ್ತಾರೆ. ಆದ್ದರಿಂದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಒಂದು ಪುಸ್ತಕದಲ್ಲಿ 1113 ಎಂದೂ ಇನ್ನೊಂದರಲ್ಲಿ 1114 ಎಂದೂ ಇದ್ದರೆ ಯಾರನ್ನೂ ದೂರಬೇಕಾಗಿಲ್ಲ. ಒಂದು ವರ್ಷದ ವ್ಯತ್ಯಾಸ ಲೆಕ್ಕದ್ದು. ಹತ್ತು ವರ್ಷದ ವ್ಯತ್ಯಾಸ ವಾದದ್ದು. ವಿಷ್ಣುವರ್ಧನನ ಆಳ್ವಿಕೆ 1142ರಲ್ಲಿ ಮುಗಿಯಿತೆಂದು ಕೆಲವರೂ 1152ರಲ್ಲಿ ಮುಗಿಯಿತೆಂದು ಕೆಲವರೂ ಬರೆಯುತ್ತಾರೆ. ಇದು ಅಚ್ಚಿನ ದೋಷವಲ್ಲ, ವಿದ್ವಾಂಸರ ನಡುವಿನ ಭಿನ್ನಾಭಿಪ್ರಾಯ. ಹಾಗೆಂದು ಒಂದು ಮಾತು ಹೇಳುವ ಸೌಜನ್ಯ ಲೇಖಕರಿಗಿರಬೇಕು. ಬೇಲೂರಿನ ಗುಡಿ ಮುಗಿಯಲು 103 ವರ್ಷ ಹಿಡಿಯಿತೆಂಬ ಬಹು ಪ್ರಸಿದ್ಧ ಮಾತನ್ನು ಬರೆಯುವವರು ಯಾವ ದಿನದಿಂದ ಯಾವ ದಿನಕ್ಕೆ ಎಣಿಸಿದರೆಂದು ಹೇಳಬೇಕು. 1117ರಲ್ಲಿ ಪ್ರತಿಷ್ಠೆಯಾದ ಮೂಲ ಗುಡಿಗೆ ನಂತರದ ಅರಸರು ಸೇರಿಸುತ್ತ ಹೋದದ್ದೂ ನಿಜ; ಆದರೆ ಮನೆಗೆ ಮೊಮ್ಮಗ ವರಾಂಡ ಕಟ್ಟಿಸಿದನೆಂದು ಗೃಹಪ್ರವೇಶವನ್ನು ಯಾರೂ ಮುಂದಕ್ಕೆ ಹಾಕುವುದಿಲ್ಲ.

ವರ್ಷವೇ ಇಲ್ಲದ ಕಡೆ ಇತಿಹಾಸಕಾರರು ಹೇಗೆ ವರ್ಷವನ್ನು ಹುಡುಕುತ್ತಾರೆ ಎಂಬುದಕ್ಕೆ ಶ್ರವಣಬೆಳಗೊಳಕ್ಕಿಂತ ಒಳ್ಳೆಯ ಪಾಠ ಈ ಜಿಲ್ಲೆಗಳಲ್ಲಿಲ್ಲ. ಗೊಮ್ಮಟನ ಪಾದದ ಬಳಿ ‘ಶ್ರೀ ಚಾಮುಂಡರಾಜಂ ಮಾಡಿಸಿದಂ’ ಎಂದು ಕನ್ನಡದಲ್ಲಿದೆ; ಅದೇ ಮಾತು ತಮಿಳಿನಲ್ಲೂ ಮರಾಠಿಯಲ್ಲೂ ಇದೆ. ವರ್ಷ ಮಾತ್ರ ಇಲ್ಲ. ಈ ಚಾಮುಂಡರಾಜನೇ ಚಾವುಂಡರಾಯ. ಅವನು 978ರಲ್ಲಿ ತನ್ನ ಪುರಾಣವನ್ನು ಬರೆದು ಮುಗಿಸಿದಾಗ ಅದರಲ್ಲಿ ಈ ವಿಗ್ರಹದ ಮಾತೇ ಎತ್ತಲಿಲ್ಲ. ಅಷ್ಟು ದೊಡ್ಡ ಕೆಲಸ ಮಾಡಿಸಿದ್ದವನು ಅದನ್ನು ಹೇಳದೆ ಬಿಡುವುದುಂಟೇ? ಆದ್ದರಿಂದ ವಿಗ್ರಹ 978ಕ್ಕಿಂತ ಈಚಿನದು. ರನ್ನನು 993ರ ಅಜಿತಪುರಾಣದಲ್ಲಿ ತನ್ನ ಆಶ್ರಯದಾತೆ ಅತ್ತಿಮಬ್ಬೆ ಈ ದೇವರ ದರ್ಶನ ಮಾಡಿದ್ದನ್ನು ಹೇಳುತ್ತಾನೆ. ಆದ್ದರಿಂದ ವಿಗ್ರಹ 993ಕ್ಕಿಂತ ಹಿಂದಿನದು. ಈ ಹದಿನೈದು ವರ್ಷಗಳ ನಡುವೆ 981 ಎಂದು ಹಲವರು, 983 ಎಂದು ಇನ್ನು ಕೆಲವರು ಹೇಳುತ್ತಾರೆ. ಬರೀ ‘981’ ಎಂದು ಅಚ್ಚಾದ ಪುಸ್ತಕ ನಮಗೆ ಒಂದು ಅಂಕಿಯನ್ನು ಕೊಡುತ್ತದೆ. ಮೇಲಿನ ತರ್ಕವನ್ನು ಅರ್ಧ ಪುಟದಲ್ಲಿ ಹೇಳಿದ ಪುಸ್ತಕ ಇತಿಹಾಸವನ್ನು ಕೊಡುತ್ತದೆ.

ಶಾಸನ ಸಂಪುಟವನ್ನು ತೆರೆಯುವುದು

‘ಕ’ ಗುರುತು ಹಾಕಿದ ಮಾತುಗಳಲ್ಲಿ ಒಂದೆರಡನ್ನಾದರೂ ಮೂಲದಲ್ಲಿ ನೋಡಬೇಕು. ಇದಕ್ಕೆ ಪಂಡಿತರಾಗಬೇಕಿಲ್ಲ. ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನಲ್ಲಿ ಹೊರತಂದ ಹನ್ನೆರಡು ಸಂಪುಟಗಳಲ್ಲಿ ಎರಡನೆಯದು ಶ್ರವಣಬೆಳಗೊಳದ್ದು, ಐದನೆಯದು ಹಾಸನ ಜಿಲ್ಲೆಯದು, ಆರನೆಯದು ಕಡೂರು ಜಿಲ್ಲೆಯದು. ಶಾಸನದ ಪಾಠ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇರುತ್ತದೆ, ಇಂಗ್ಲಿಷ್ ಅನುವಾದವೂ ಇರುತ್ತದೆ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಶಾಸನಗಳ ಸಂಖ್ಯೆಯೂ ಕ್ರಮವೂ ಬದಲಾಗಿರುವುದರಿಂದ, ಪುಸ್ತಕದ ಟಿಪ್ಪಣಿಯಲ್ಲಿ ‘ಬೇಲೂರು’ ಎಂದು ಬರೆದು ಮುಂದೆ ಒಂದು ಸಂಖ್ಯೆ ಕೊಟ್ಟಿದ್ದರೆ ಅದು ಹಳೆಯ ಸಂಪುಟದ್ದೇ ಹೊಸದರದ್ದೇ ಎಂದು ಮೊದಲು ನೋಡಿಕೊಳ್ಳಬೇಕು. ನಾನು ಇದನ್ನು ಮರೆತು ಒಂದು ಇಡೀ ಭಾನುವಾರ ಬೇರೊಂದು ಊರಿನ ಕೆರೆಯ ದತ್ತಿಯನ್ನು ಓದುತ್ತ ಕುಳಿತಿದ್ದೆ.

ಶಾಸನವನ್ನು ಮೇಲಿನಿಂದ ಓದಲು ಹೊರಟರೆ ಸೋಲುವ ಸಂಭವ ಹೆಚ್ಚು. ಆರಂಭದಲ್ಲಿ ದೇವರ ಸ್ತುತಿ. ‘ನಮಸ್ತುಂಗ’ ಎಂದಿದ್ದರೆ ಶೈವ, ‘ಶ್ರೀಮತ್ಪರಮಗಂಭೀರ’ ಎಂದಿದ್ದರೆ ಜೈನ ಎಂದು ಅಲ್ಲೇ ಗುರುತು ಸಿಗುತ್ತದೆ. ನಂತರ ವಂಶದ ಹೊಗಳಿಕೆ, ಅದರ ನಂತರ ಬಿರುದುಗಳ ಸಾಲು. ಇಷ್ಟನ್ನೂ ಮೊದಲ ಓದಿನಲ್ಲಿ ಬಿಟ್ಟು, ‘ಶಕವರ್ಷ’ ಎಂಬ ಪದವನ್ನು ಹುಡುಕಿ ಅಲ್ಲಿಂದ ಆರಂಭಿಸಬೇಕು. ಯಾರು, ಯಾರಿಗೆ, ಏನನ್ನು, ಯಾವ ಎಲ್ಲೆಗಳ ನಡುವೆ ಕೊಟ್ಟರು ಎಂಬುದು ಅದರ ಮುಂದೆಯೇ ಬರುತ್ತದೆ. ಕೊನೆಗೆ ದತ್ತಿಯನ್ನು ಅಳಿದವನಿಗೆ ಶಾಪ. ಬಿರುದುಗಳನ್ನು ಆಮೇಲೆ ಓದಿ ಸಂತೋಷಪಡಬಹುದು, ಆದರೆ ಅವುಗಳಿಂದ ರಾಜ್ಯದ ಗಡಿಯನ್ನು ಅಳೆಯಬಾರದು. ‘ತಳಕಾಡುಗೊಂಡ’ ಎಂಬ ವಿಷ್ಣುವರ್ಧನನ ಬಿರುದಿಗೆ ಚೋಳರಿಂದ ತಲಕಾಡನ್ನು ಗೆದ್ದ ಘಟನೆಯ ಬೆಂಬಲವಿದೆ; ಎಲ್ಲ ಬಿರುದುಗಳಿಗೂ ಅಂಥ ಬೆಂಬಲವಿರುವುದಿಲ್ಲ. ಬಿರುದುಗಳನ್ನೇ ನಕ್ಷೆಯಾಗಿ ಬಿಡಿಸಿ ಇಡೀ ದಕ್ಷಿಣಕ್ಕೆ ಒಂದೇ ಬಣ್ಣ ಬಳಿದ ಪುಸ್ತಕಗಳನ್ನು ನೋಡಿದಾಗ ನಕ್ಷೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದುವುದು ಒಳ್ಳೆಯದು.

ಪುಸ್ತಕದೊಡನೆ ಹೊರಡುವುದು

ಗುರುತು ಹಾಕಿದ ಅಧ್ಯಾಯವನ್ನು ಹಿಡಿದುಕೊಂಡು ಹೋಗಬೇಕಾದ ಮೊದಲ ಜಾಗ ಬೇಲೂರಲ್ಲ, ದೊಡ್ಡಗದ್ದವಳ್ಳಿ ಎಂಬುದು ನನ್ನ ಸಲಹೆ. ಅಲ್ಲಿ ಜನಸಂದಣಿ ಕಡಿಮೆ, ನಾಲ್ಕು ಗರ್ಭಗುಡಿಗಳ ಕಟ್ಟಡ ಒಂದೇ ನೋಟಕ್ಕೆ ಸಿಗುತ್ತದೆ, ಮತ್ತು ಅದನ್ನು ಕಟ್ಟಿಸಿದವರು ಅರಸರಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಗುಡಿ ಅದು. ಹೊಯ್ಸಳರೆಂದರೆ ಅರಸರು, ಯುದ್ಧಗಳು, ನಾಟ್ಯರಾಣಿ ಎಂದಷ್ಟೇ ಹೇಳುವ ಪುಸ್ತಕದಲ್ಲಿ ಈ ದಂಪತಿಗೆ ಜಾಗವಿದೆಯೇ ಎಂದು ಅಲ್ಲೇ ಕುಳಿತು ನೋಡಬಹುದು.

ಹಳೇಬೀಡಿನಲ್ಲಿ ಹೊಯ್ಸಳೇಶ್ವರದ ಎದುರಿನಿಂದ ಹಿಂದಿರುಗುವವರೇ ಹೆಚ್ಚು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಬಸದಿಹಳ್ಳಿಯ ಬಸದಿಗಳು ಸಿಗುತ್ತವೆ. ವಿಷ್ಣುವರ್ಧನನು ರಾಮಾನುಜರ ಪ್ರಭಾವದಿಂದ ವೈಷ್ಣವನಾದ ಮೇಲೆ ಜೈನರಿಗೆ ಪೂರ್ತಿ ಬೆನ್ನು ತಿರುಗಿಸಿದನೆಂದು ಬರೆದ ಪುಸ್ತಕ ನಿಮ್ಮ ಕೈಯಲ್ಲಿದ್ದರೆ, ಅದನ್ನು ತೆರೆಯಬೇಕಾದ ಜಾಗ ಇದೇ. ಸೇನಾನಿ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಇಲ್ಲಿನ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಯುದ್ಧದಲ್ಲಿ ಗೆದ್ದ ಸುದ್ದಿಯೂ ಮಗ ಹುಟ್ಟಿದ ಸುದ್ದಿಯೂ ಬಂದ ಹೊತ್ತಿನಲ್ಲಿ ಬಸದಿಯ ಪ್ರಸಾದ ತಲುಪಿದ್ದರಿಂದ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಬೇಲೂರಿನ ಪ್ರತಿಷ್ಠೆಯಾಗಿ ಹದಿನಾರು ವರ್ಷಗಳ ನಂತರದ ಮಾತಿದು.

ಕಾದಂಬರಿಯನ್ನು ಬೇರೆ ಇಡುವುದು

ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ನಮ್ಮಲ್ಲಿ ಬಹಳ ಮಂದಿ ಕಾದಂಬರಿಗಳ ಮೂಲಕ ಬಲ್ಲರು. ನಾನೂ ಹಾಗೆಯೇ ಬಲ್ಲವನಾಗಿದ್ದೆ. ಕಾದಂಬರಿ ಓದುವುದು ತಪ್ಪಲ್ಲ, ಆದರೆ ಕಾದಂಬರಿಯ ದೃಶ್ಯವೊಂದು ಆಧಾರವೆಂಬಂತೆ ಇತಿಹಾಸ ಪುಸ್ತಕದೊಳಗೆ ನುಸುಳಿದಾಗ ಹಿಡಿಯಲು ಬರಬೇಕು. ಅವಳ ತಂದೆ ಮಾರಸಿಂಗಯ್ಯ ಶೈವನೆಂದೂ ತಾಯಿ ಮಾಚಿಕಬ್ಬೆ ಜೈನಳೆಂದೂ, ಅವಳು ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳೆಂದೂ, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದೂ ಶಾಸನಗಳಿಂದ ತಿಳಿಯುತ್ತದೆ. ಅವಳು ಆ ದಿನ ಏನು ಯೋಚಿಸಿದಳು, ಯಾರೊಡನೆ ಏನು ಮಾತನಾಡಿದಳು ಎಂಬುದು ಯಾವ ಕಲ್ಲಿನಲ್ಲೂ ಇಲ್ಲ. ಇತಿಹಾಸದ ಪುಸ್ತಕದಲ್ಲಿ ಸತ್ತವರ ಮನಸ್ಸಿನ ಮಾತು ಉದ್ಧರಣ ಚಿಹ್ನೆಯೊಳಗೆ ಬಂದರೆ ಅಂಚಿನಲ್ಲಿ ದೊಡ್ಡದೊಂದು ಪ್ರಶ್ನೆಯ ಚಿಹ್ನೆ ಬೀಳಬೇಕು.

ಇದಕ್ಕೆ ಹತ್ತಿರದ್ದೇ ಇನ್ನೊಂದು ಎಚ್ಚರಿಕೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫೂರನ ಸೇನೆ ದೋರಸಮುದ್ರದ ಮೇಲೆ ಬಿದ್ದ ಅಧ್ಯಾಯವನ್ನು ಓದುವಾಗ, ವಿವರಗಳು ಎಲ್ಲಿಂದ ಬಂದವೆಂದು ಕೇಳಿಕೊಳ್ಳಬೇಕು. ಆ ದಂಡಯಾತ್ರೆಯನ್ನು ವರ್ಣಿಸಿದ ಅಮೀರ್ ಖುಸ್ರೋ ದೆಹಲಿಯ ಆಸ್ಥಾನದ ಕವಿ. ಗೆದ್ದವರ ಕಡೆಯಿಂದ, ಗೆದ್ದವರಿಗೆ ಹಿತವಾಗುವಂತೆ ಬರೆದವನು. ನಮ್ಮ ಶಾಸನಗಳು ತಮ್ಮ ಅರಸರ ಬಗ್ಗೆ ಮಾಡಿದ್ದೂ ಅದನ್ನೇ. ಒಂದು ಕಡೆಯ ಉತ್ಪ್ರೇಕ್ಷೆಯನ್ನು ನಂಬಿ ಇನ್ನೊಂದು ಕಡೆಯದನ್ನು ಮಾತ್ರ ಶಂಕಿಸುವ ಲೇಖಕರು ಎರಡೂ ಕಡೆಗಳಲ್ಲಿದ್ದಾರೆ.

ನೋಟುಪುಸ್ತಕ

ಕೊನೆಯದಾಗಿ, ಓದಿದ್ದನ್ನು ಬರೆದಿಡುವ ಕೆಲಸ. ಪುಸ್ತಕಕ್ಕೊಂದು ಪುಟವಿಡುವ ಬದಲು ಊರಿಗೊಂದು ಪುಟವಿಡುವುದು ಹೆಚ್ಚು ಉಪಯೋಗದ್ದೆಂದು ನನ್ನ ಅನುಭವ. ಹಳೇಬೀಡಿನ ಪುಟದಲ್ಲಿ ನಾಲ್ಕು ಪುಸ್ತಕಗಳು ಹೇಳಿದ್ದು ಒಂದರ ಕೆಳಗೊಂದು ಬಂದಾಗ, ಯಾರು ಯಾರಿಂದ ಎತ್ತಿಕೊಂಡರು ಎಂಬುದು ತಾನಾಗಿ ಕಾಣುತ್ತದೆ. ಒಂದೇ ತಪ್ಪು ವರ್ಷ ಮೂರು ಪುಸ್ತಕಗಳಲ್ಲಿದ್ದರೆ ಅದು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಮೂರು ಪ್ರತಿ. ಪುಟದ ಒಂದು ಮೂಲೆಯಲ್ಲಿ ಊರಿನ ಹಿರಿಯರು ಹೇಳಿದ್ದನ್ನೂ ‘ಬಾ’ ಎಂದು ಗುರುತು ಹಾಕಿ, ಯಾವಾಗ ಕೇಳಿದ್ದು ಎಂಬ ತಾರೀಕಿನೊಡನೆ ಬರೆದಿಡಬೇಕು.

ನಿಜವಾದ ತಪ್ಪೊಂದು ಸಿಕ್ಕಿದಾಗ, ಶಾಸನದ ಸಂಪುಟ ಮತ್ತು ಸಂಖ್ಯೆಯನ್ನು ಕೊಟ್ಟು, ಪ್ರಕಾಶಕರಿಗೆ ನಾಲ್ಕು ಸಾಲಿನ ಕಾಗದ ಬರೆಯುವುದು ಒಳ್ಳೆಯ ಪದ್ಧತಿ. ಎಲ್ಲರೂ ಉತ್ತರಿಸುವುದಿಲ್ಲ, ಆದರೆ ಕೆಲವರು ಮುಂದಿನ ಮುದ್ರಣದಲ್ಲಿ ತಿದ್ದುತ್ತಾರೆ. ಅಂಥ ಕಾಗದದಲ್ಲಿ ಪುಟಸಂಖ್ಯೆಯ ಜೊತೆಗೆ ನಿಮ್ಮ ಪ್ರತಿಯ ಮುದ್ರಣದ ವರ್ಷವನ್ನೂ ತಪ್ಪದೆ ಬರೆಯಿರಿ. ಇಲ್ಲವಾದರೆ ಅವರ ಮೇಜಿನ ಮೇಲಿರುವ ಪ್ರತಿಯಲ್ಲಿ ಆ ಪುಟ ತೆರೆದಾಗ ಅಲ್ಲಿ ಬೇರೆಯೇ ಅಧ್ಯಾಯವಿರುತ್ತದೆ.